ಪೊರೆ ಬಂದ ಕಣ್ಣಿಗೆ ಗ್ಲಾಕೋಮಾ ಪರೀಕ್ಷೆ

ಬೀಳಗಿಯ ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿದ ಕಾಲದಿಂದ ನಮ್ಮ ಭಾಗದ ಜನರಿಗೆ ಕಣ್ಣಿನ ಪೊರೆಯ ಬಗ್ಗೆ ವಿವರಿಸಿ ಹೇಳಬೇಕಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ವಯಸ್ಸಾದವರ ಕಣ್ಣು ಮಂಜಾದರೆ ‘ಪೊರೆ ಬಂದಿದೆ’ ಎಂದು ಮನೆಯವರೇ ಹೇಳುತ್ತಾರೆ. ಆದರೆ ಅದೇ ಕಣ್ಣಿನಲ್ಲಿ ಗ್ಲಾಕೋಮಾ ಕೂಡ ಅಡಗಿರಬಹುದು.

ಪೊರೆಯೆಂದರೆ ಕಣ್ಣಿನೊಳಗಿನ ಮಸೂರ ಮಬ್ಬಾಗುವುದು. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನ ನರ. ಹೆಚ್ಚಿನವರಲ್ಲಿ ನೋವಿಲ್ಲದೆ ಮೊದಲು ಪಕ್ಕದ ನೋಟ ಕುಂದುತ್ತದೆ. ಹೋದ ನೋಟ ಮತ್ತೆ ಬಾರದು.

ಪರೀಕ್ಷೆ ಹೇಗೆ?

ಗ್ಲಾಕೋಮಾದ ಹಾನಿ ಅಳೆಯಲು ದೃಷ್ಟಿಕ್ಷೇತ್ರ ಪರೀಕ್ಷೆ (ಫೀಲ್ಡ್ ಟೆಸ್ಟ್) ಮಾಡುತ್ತಾರೆ. ಒಂದು ಕಣ್ಣು ಮುಚ್ಚಿ, ಯಂತ್ರದ ಮುಂದೆ ಗದ್ದ ಊರಿ, ನಡುವಿನ ಬಿಂದುವನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಮಿನುಗುವ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಷ್ಟು ಮಂದ ಬೆಳಕು ಎಲ್ಲಿ ಕಂಡಿತು ಎಂಬುದರ ನಕ್ಷೆ ಸಿದ್ಧವಾಗುತ್ತದೆ.

ಪೊರೆಯ ತೊಡಕು

ಲಾಟೀನಿನ ಗಾಜಿಗೆ ಮಸಿ ಹಿಡಿದರೆ ಸುತ್ತಲಿನ ಬೆಳಕೆಲ್ಲ ಮಂಕಾಗುತ್ತದೆ. ಪೊರೆಯೂ ಹಾಗೆಯೇ ಇಡೀ ನಕ್ಷೆಯನ್ನು ಮಂಕು ಮಾಡುತ್ತದೆ. ಗ್ಲಾಕೋಮಾ ಹೆಚ್ಚಾಗಿ ಕೆಲವು ಭಾಗಗಳನ್ನು ಮಾತ್ರ ಅಳಿಸುತ್ತದೆ. ಎರಡೂ ಸೇರಿದಾಗ ಗೊಂದಲವಾಗುತ್ತದೆ. ಪೊರೆ ಬಲಿತದ್ದಕ್ಕೆ ಗ್ಲಾಕೋಮಾವೇ ಹೆಚ್ಚಿದಂತೆ ತೋರಬಹುದು. ಇಲ್ಲವೇ ಗ್ಲಾಕೋಮಾದ ಚುಕ್ಕೆಗಳು ಒಟ್ಟು ಮಬ್ಬಿನಲ್ಲಿ ಮರೆಯಾಗಬಹುದು. ಒಟ್ಟು ಮಂಕನ್ನು ಕಳೆದು ಚುಕ್ಕೆಗಳನ್ನಷ್ಟೇ ತೋರಿಸುವ ಲೆಕ್ಕವನ್ನು ಯಂತ್ರವೇ ಕೊಡುತ್ತದೆ. ಆದರೂ ಪೊರೆ ದಟ್ಟವಾಗಿದ್ದರೆ ಅದನ್ನು ಪೂರ್ತಿ ನಂಬುವಂತಿಲ್ಲ. ನರದ ಪದರ ಅಳೆಯುವ ಓ.ಸಿ.ಟಿ. ಚಿತ್ರವೂ ಪೊರೆಯಿಂದ ಮಸುಕಾಗುತ್ತದೆ.

ಆದ್ದರಿಂದ ವೈದ್ಯರು ಒಂದೇ ಪರೀಕ್ಷೆ ನೋಡಿ ತೀರ್ಮಾನಿಸುವುದಿಲ್ಲ. ಕಣ್ಣಿನ ಒತ್ತಡ, ನರದ ಸ್ಥಿತಿ, ಕಣ್ಣಿನ ನೀರು ಹರಿದುಹೋಗುವ ಮೂಲೆ ಎಲ್ಲವನ್ನೂ ಪರಿಶೀಲಿಸುತ್ತಾರೆ. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಇರುತ್ತದೆ, ಅಷ್ಟೇ ಇದ್ದರೂ ಕೆಲವರಿಗೆ ಗ್ಲಾಕೋಮಾ ಬರುವುದುಂಟು.

ನೀವು ಮಾಡಬೇಕಾದದ್ದು

* ಪೊರೆ ತೆಗೆಸುವ ಮೊದಲು ಒತ್ತಡ ಮತ್ತು ನರದ ಪರೀಕ್ಷೆಯೂ ಆಗಿದೆಯೇ ಎಂದು ಕೇಳಿ. ನರ ಮೊದಲೇ ಹಾಳಾಗಿದ್ದರೆ ಶಸ್ತ್ರಚಿಕಿತ್ಸೆ ಚೆನ್ನಾಗಿ ಆದರೂ ನೋಟ ಪೂರ್ತಿ ಬಾರದು.
* ಗ್ಲಾಕೋಮಾ ಇರುವವರು ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೆ ಹೊಸದಾಗಿ ಫೀಲ್ಡ್ ಟೆಸ್ಟ್ ಮಾಡಿಸಬೇಕು. ಮುಂದಿನ ಹೋಲಿಕೆಗೆ ಅದೇ ಆಧಾರ.
* ಹಳೆಯ ನಕ್ಷೆಗಳನ್ನು ಬಿಸಾಡಬೇಡಿ. ಬೆಳಗಾವಿ, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ.
* ನೋಟ ತಿಳಿಯಾಯಿತೆಂದು ಗ್ಲಾಕೋಮಾದ ಹನಿಗಳನ್ನು ನೀವಾಗಿಯೇ ನಿಲ್ಲಿಸಬೇಡಿ.
* ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು, ಮಕ್ಕಳೂ ಕಣ್ಣು ತೋರಿಸಿಕೊಳ್ಳಲಿ. 40 ದಾಟಿದವರು ತಡಮಾಡಬಾರದು.