ತೂತು ಚಿಕ್ಕದು, ಶಸ್ತ್ರಚಿಕಿತ್ಸೆ ಚಿಕ್ಕದಲ್ಲ

ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ದಿನವೇ ಎಷ್ಟೋ ಮನೆಗಳಿಗೆ ಬಾಳೆದಿಂಡು ಬರುತ್ತದೆ. ದಿಂಡಿನ ರಸ ಕುಡಿದರೆ, ನೀರು ಹೆಚ್ಚು ಕುಡಿದರೆ ಕಲ್ಲು ಇಳಿದುಹೋಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಆದರೆ ಮೂತ್ರಪಿಂಡದ ಕಲ್ಲೇ ಬೇರೆ, ಇದೇ ಬೇರೆ. ಅದು ಸಣ್ಣದಿದ್ದರೆ ಮೂತ್ರದೊಂದಿಗೆ ಹೊರಬೀಳಬಹುದು. ಪಿತ್ತಕೋಶದ ಕಲ್ಲು ಹೆಚ್ಚಾಗಿ ಕೊಲೆಸ್ಟರಾಲ್ ಗಟ್ಟಿಯಾಗಿ ಆದದ್ದು, ಕುಡಿದ ನೀರು ಅದನ್ನು ಕೊಚ್ಚಿಕೊಂಡು ಹೋಗುವುದಿಲ್ಲ. ಅದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರಂತೂ ಕಾಮಾಲೆ, ಮೇದೋಜೀರಕ ಗ್ರಂಥಿಯ ಉರಿಯೂತದಂಥ ದೊಡ್ಡ ತೊಂದರೆ.

‘ಕಲ್ಲು ಮಾತ್ರ ತೆಗೆಯಿರಿ, ಚೀಲ ಇರಲಿ’ ಎಂದು ಕೇಳುವವರಿದ್ದಾರೆ. ಚೀಲ ಉಳಿದರೆ ಕಲ್ಲು ಮತ್ತೆ ಕಟ್ಟಬಹುದು. ಪಿತ್ತರಸ ಹುಟ್ಟುವುದು ಯಕೃತ್ತಿನಲ್ಲಿ, ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು; ಪಿತ್ತಕೋಶ ಅದರಲ್ಲಿ 30ರಿಂದ 50 ಮಿ.ಲೀ. ಹಿಡಿದಿಡುವ ಚೀಲವಷ್ಟೆ. ಅದನ್ನು ತೆಗೆದರೆ ರಸ ನೇರವಾಗಿ ಕರುಳಿಗೆ ಹರಿಯುತ್ತದೆ. ಕೆಲವರಿಗೆ ಕೆಲವು ವಾರ ಭೇದಿಯಾಗಬಹುದು, ಬಹುತೇಕರು ಮೊದಲಿನಂತೆಯೇ ಊಟ ಮಾಡುತ್ತಾರೆ.

ಇನ್ನು ‘ಲೇಸರ್ ಆಪರೇಷನ್’ ಎಂಬ ಮಾತು. ಲ್ಯಾಪರೊಸ್ಕೋಪಿಗೆ ಲೇಸರ್ ಬೇಕಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಸಾಮಾನ್ಯವಾಗಿ ನಾಲ್ಕು ತೂತುಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ಪಿತ್ತಕೋಶದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಯಕೃತ್ತಿನಿಂದ ಬಿಡಿಸಿ, ಒಂದು ತೂತಿನಿಂದಲೇ ಹೊರತೆಗೆಯುತ್ತಾರೆ. ಮರುದಿನ ಹೆಗಲು ನೋಯಬಹುದು. ಅದು ಹೃದಯದ್ದೇನೋ ಎಂದು ಮನೆಯವರು ಹೆದರುತ್ತಾರೆ. ಸಾಮಾನ್ಯವಾಗಿ ಆ ಅನಿಲ ವಪೆಯನ್ನು ಕೆಣಕಿದ್ದರಿಂದ ಬರುವ ನೋವು ಅದು. ಕೆಲವು ದಿನಗಳಲ್ಲಿ ಇಳಿಯುತ್ತದೆ.

ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲು ಮಾಡಿದ ಈ ಶಸ್ತ್ರಚಿಕಿತ್ಸೆಯನ್ನು 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಭಾರತಕ್ಕೆ ತಂದರು. ಇಷ್ಟು ವರ್ಷಗಳಾದರೂ ಹೋಗದ ಒಂದು ತಪ್ಪು ಕಲ್ಪನೆ ನನ್ನನ್ನು ಬಹಳ ಕಾಡುತ್ತದೆ: ‘ತೂತು ಹಾಕಿ ಶುರುಮಾಡಿ ಕೊನೆಗೆ ಹೊಟ್ಟೆ ಕೊಯ್ದರು, ಡಾಕ್ಟರಿಗೆ ಬರಲಿಲ್ಲ.’ ಪಿತ್ತಕೋಶ ಬಾತು, ಕೀವು ತುಂಬಿ, ಸುತ್ತಲಿನದಕ್ಕೆಲ್ಲ ಅಂಟಿಕೊಂಡಿದ್ದರೆ ಯಾವುದು ಪಿತ್ತಕೋಶದ ನಾಳ, ಯಾವುದು ಯಕೃತ್ತಿನಿಂದ ಬರುವ ಮುಖ್ಯ ಪಿತ್ತನಾಳ ಎಂಬುದೇ ತಿಳಿಯದೆ ಹೋಗಬಹುದು. ಗುರುತು ಸಿಗದೆ ಕತ್ತರಿಸಿ ಮುಖ್ಯ ನಾಳಕ್ಕೆ ಪೆಟ್ಟಾದರೆ ರೋಗಿ ವರ್ಷಗಟ್ಟಲೆ ನರಳಬೇಕಾದೀತು. ಅಂಥ ಹೊತ್ತಿನಲ್ಲಿ ಹೊಟ್ಟೆ ತೆರೆಯಲು ನಿರ್ಧರಿಸಿದ ಸರ್ಜನ್ ಸೋತವರಲ್ಲ, ರೋಗಿಯನ್ನು ಕಾಪಾಡಿದವರು.

ಕಲ್ಲಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ತೊಂದರೆ ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಆದರೆ ಊಟದ ನಂತರ ಬಲಗಡೆ ಪಕ್ಕೆಯ ಕೆಳಗೆ ಮತ್ತೆ ಮತ್ತೆ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ನೋವಿನ ಜೊತೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ.