ನಾವು ಇಂಗ್ಲಿಷನ್ನು ಕಲಿಯುವ ಬಗೆ

ಸೊರಬ ತಾಲ್ಲೂಕಿನ ಹೊಸಬಾಳೆಯಂಥ ಹಳ್ಳಿಯೊಂದರಲ್ಲಿ ಬೆಳೆದು, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಬಾಲಕನೊಬ್ಬನು ಪಟ್ಟಣದ ಕಾಲೇಜನ್ನು ಸೇರಿದನೆಂದು ಭಾವಿಸೋಣ. ಗಣಿತದಲ್ಲಿ ಅವನು ಚುರುಕು, ವಿಜ್ಞಾನದಲ್ಲಿ ಆಸಕ್ತಿಯುಳ್ಳವನು. ಆದರೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆಯಬೇಕಾದೊಡನೆ ಅವನ ಲೇಖನಿ ನಿಂತುಬಿಡುತ್ತದೆ. ‘ನನಗೆ ಹಸಿವಾಗಿದೆ’ ಎಂಬುದನ್ನು ಅವನು ‘ಮಿ ಈಸ್ ಹಂಗ್ರಿ’ ಎಂದು ಬರೆಯುತ್ತಾನೆ. ತರಗತಿಯೆಲ್ಲ ನಗುತ್ತದೆ. ಅಂದಿನಿಂದ ಅವನು ಬಾಯಿ ತೆರೆಯುವುದಿಲ್ಲ. ಅವನು ದಡ್ಡನೆಂದು ಮೊದಲು ಇತರರೂ ಕೊನೆಗೆ ಅವನೂ ನಂಬುತ್ತಾರೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದರು. ಆದರೆ ಕಲಿಕೆಯ ವರ್ಷಗಳು ಹೆಚ್ಚಿದ ಮಾತ್ರಕ್ಕೆ ತಪ್ಪುಗಳು ತಾವಾಗಿಯೇ ಹೋಗುವುದಿಲ್ಲ. ಮೇಲಿನ ತಪ್ಪು ಎಲ್ಲಿಂದ ಬಂದಿತೆಂಬುದನ್ನು ನಾವು ಮೊದಲು ವಿಚಾರಿಸಬೇಕು.

ತಪ್ಪಿನೊಳಗಿನ ವ್ಯಾಕರಣ

ಕನ್ನಡಿಗರ ಮಾತಿನಲ್ಲಿ ಹಸಿವು, ನಿದ್ರೆ, ಭಯ, ತಿಳಿವಳಿಕೆ ಇವು ಮನುಷ್ಯನು ಮಾಡುವ ಕೆಲಸಗಳಲ್ಲ. ಅವನಿಗೆ ಒದಗುವ ಅನುಭವಗಳು. ಆದುದರಿಂದಲೇ ನಾವು ಅನುಭವಿಸುವವನನ್ನು ಚತುರ್ಥೀ ವಿಭಕ್ತಿಯಲ್ಲಿರಿಸಿ ‘ನನಗೆ ಹಸಿವಾಗಿದೆ’, ‘ನನಗೆ ಗೊತ್ತು’, ‘ನನಗೆ ಬೇಕು’ ಎನ್ನುತ್ತೇವೆ. ಇಂದಿನ ಇಂಗ್ಲಿಷಿನಲ್ಲಾದರೋ ಅದೇ ಮನುಷ್ಯನು ಕರ್ತೃವಿನ ಸ್ಥಾನಕ್ಕೆ ಏರುತ್ತಾನೆ: ‘ಐ ಆ್ಯಮ್ ಹಂಗ್ರಿ’, ‘ಐ ನೋ’, ‘ಐ ವಾಂಟ್’. ನಮ್ಮ ಬಾಲಕನು ತನ್ನ ಭಾಷೆಯ ನಿಯಮವನ್ನು ಚೆನ್ನಾಗಿ ಬಲ್ಲವನಾದ್ದರಿಂದಲೇ ತಪ್ಪಿದನು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿಯೂ ಹಸಿದವನು ಕರ್ತೃವಾಗದೆ, ‘ನನಗೆ ಹಸಿಯುತ್ತದೆ’ ಎಂಬಂತೆಯೇ ಹೇಳುವ ರೂಢಿಯಿತ್ತು. ಷೇಕ್ಸ್‌ಪಿಯರನ ಕಾಲದವರೆಗೂ ಬಳಕೆಯಲ್ಲಿದ್ದ ‘ಮಿಥಿಂಕ್ಸ್’ ಎಂಬ ಪದಕ್ಕೆ ‘ನನಗೆ ತೋರುತ್ತದೆ’ ಎಂದೇ ಅರ್ಥ. ಇಂಗ್ಲಿಷು ಕಾಲಕ್ರಮದಲ್ಲಿ ಆ ದಾರಿಯನ್ನು ಬಿಟ್ಟಿತು, ಕನ್ನಡವು ಉಳಿಸಿಕೊಂಡಿತು. ನಕ್ಕ ತರಗತಿಗೆ ಇಷ್ಟು ಗೊತ್ತಿದ್ದರೆ ನಗು ಕುತೂಹಲವಾಗಿ ಮಾರ್ಪಡುತ್ತಿತ್ತು.

‘ಎ’ ಮತ್ತು ‘ದಿ’ ಎಂಬ ಎರಡು ಚಿಕ್ಕ ಪದಗಳು ನಮ್ಮನ್ನು ಬಹಳವಾಗಿ ಕಾಡುತ್ತವೆ. ಕನ್ನಡದಲ್ಲಿ ಇವಕ್ಕೆ ಸರಿಯಾದ ಪದಗಳಿಲ್ಲ; ಆದರೆ ಇವು ಸೂಚಿಸುವ ಭೇದ ನಮಗೆ ಹೊಸದಲ್ಲ. ‘ನಾನು ಪುಸ್ತಕ ತಂದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ನಾನು ಪುಸ್ತಕವನ್ನು ತಂದೆ’ ಎಂದರೆ ಸಾಮಾನ್ಯವಾಗಿ ಕೇಳುವವರಿಗೆ ಮೊದಲೇ ತಿಳಿದಿರುವ ಪುಸ್ತಕ. ಮೊದಲನೆಯದಕ್ಕೆ ‘ಎ’, ಎರಡನೆಯದಕ್ಕೆ ‘ದಿ’. ಎಲ್ಲ ಕಡೆಯೂ ಈ ಸೂತ್ರ ನಡೆಯದಿದ್ದರೂ, ಆರಂಭಕ್ಕೆ ಇದು ಒಳ್ಳೆಯ ಊರುಗೋಲು. ‘ಎ’ ಎಂಬುದು ಸ್ವರಧ್ವನಿಯ ಮುಂದೆ ‘ಆ್ಯನ್’ ಆಗುತ್ತದೆ. ಇಲ್ಲಿ ಗಮನಿಸಬೇಕಾದುದು ಅಕ್ಷರವನ್ನಲ್ಲ, ಧ್ವನಿಯನ್ನು; ಆದುದರಿಂದಲೇ ‘ಆ್ಯನ್ ಅವರ್’, ಆದರೆ ‘ಎ ಯೂನಿವರ್ಸಿಟಿ’.

ನಮ್ಮ ಸಪ್ತಮಿಯ ‘ಅಲ್ಲಿ’ ಪ್ರತ್ಯಯವೂ ಹೀಗೆಯೇ ತೊಡಕನ್ನು ಒಡ್ಡುತ್ತದೆ. ‘ಪೆಟ್ಟಿಗೆಯಲ್ಲಿ’ ಎಂಬಲ್ಲಿ ‘ಇನ್’, ‘ಗೋಡೆಯಲ್ಲಿ’ ಎಂಬಲ್ಲಿ ‘ಆನ್’, ‘ಬಾಗಿಲಲ್ಲಿ’ ಎಂಬಲ್ಲಿ ‘ಆ್ಯಟ್’ ಬರುತ್ತವೆ. ವಸ್ತುವು ಒಳಗಿದೆಯೆ, ಮೈಗೆ ತಾಗಿದೆಯೆ, ಒಂದು ನೆಲೆಯ ಬಳಿಯಲ್ಲಿದೆಯೆ ಎಂದು ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಒಂದು ಸಣ್ಣ ಅಭ್ಯಾಸ

ಮುಂದೆ ಓದುವ ಮೊದಲು ಈ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ, ಕಾಗದದ ಮೇಲೆ ಬರೆದಿಡಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ. ಮೇಲಿನದನ್ನು ತಿರುಗಿ ನೋಡಬಾರದು.

1. ನನಗೆ ಉತ್ತರ ಗೊತ್ತು.
2. ನಾನು ಪುಸ್ತಕ ತಂದೆ.
3. ಗಡಿಯಾರವು ಗೋಡೆಯಲ್ಲಿದೆ.
4. ಅವಳಿಗೆ ಕೊಡೆ ಬೇಕು.

ತಿರುಗಿ ನೋಡಬಾರದೆಂದುದಕ್ಕೆ ಕಾರಣವಿದೆ. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಮರೆವಿನ ಮೇಲೆ ತಾನು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಕಾಲದ ಮೇಲೆ ಎಷ್ಟು ಉಳಿಯುತ್ತದೆಂದು ಅವನು ಅಳೆದನು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿಯೂ ಬಳಿಕ ನಿಧಾನವಾಗಿಯೂ ನಡೆಯುತ್ತದೆಂಬುದು ಅವನು ಕಂಡ ಸಂಗತಿ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು ವಿದ್ಯಾರ್ಥಿಗಳಿಗೆ ಪಾಠಗಳನ್ನು ಕೊಟ್ಟು, ಕೆಲವನ್ನು ಮತ್ತೆ ಓದಿಸಿದರು. ಕೆಲವನ್ನು ನೋಡದೆ ನೆನಪಿನಿಂದ ಬರೆಯಿಸಿದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದುದೇ ಮೇಲಾಗಿ ಕಂಡಿತು. ಒಂದು ವಾರದ ಬಳಿಕ ನೆನೆದು ಬರೆದುದೇ ಹೆಚ್ಚಾಗಿ ಉಳಿದಿತ್ತು. ಓದುವಾಗ ಸುಲಭವೆನಿಸುವುದೇ ಕಲಿತುದಕ್ಕೆ ಪ್ರಮಾಣವಲ್ಲ.

ಈಗ ಉತ್ತರಗಳನ್ನು ನೋಡೋಣ. ‘ಐ ನೋ ದಿ ಆನ್ಸರ್’; ‘ಐ ಬ್ರಾಟ್ ಎ ಬುಕ್’; ‘ದ ಕ್ಲಾಕ್ ಈಸ್ ಆನ್ ದ ವಾಲ್’; ‘ಷಿ ವಾಂಟ್ಸ್ ಆ್ಯನ್ ಅಂಬ್ರೆಲ’. ನಾಲ್ಕನೆಯದರಲ್ಲಿ ಕೊನೆಯ ‘ಸ್’ ಬಿಟ್ಟುಹೋಗಿದ್ದರೆ ಆಶ್ಚರ್ಯವಿಲ್ಲ. ನನಗಾಗಲಿ ಅವಳಿಗಾಗಲಿ ‘ಬೇಕು’ ಎಂಬುದು ಬದಲಾಗದು, ‘ವಾಂಟ್’ ಬದಲಾಗುತ್ತದೆ.

ಪದಗಳ ವಿಷಯದಲ್ಲಿಯೂ ಇದೇ ಮಾತು. ಬಂಗಾಳದಲ್ಲಿ ಬಹುಕಾಲ ಅಧ್ಯಾಪನ ಮಾಡಿದ್ದ ಮೈಕೇಲ್ ವೆಸ್ಟ್ ಎಂಬವರು 1953ರಲ್ಲಿ ಸುಮಾರು 2,000 ಮುಖ್ಯ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಾಮಾನ್ಯ ಬರಹದಲ್ಲಿ ಬರುವ ಪದಗಳಲ್ಲಿ ಸುಮಾರು ಶೇಕಡಾ 80 ಭಾಗ ಇವುಗಳಿಂದಲೂ ಇವುಗಳ ರೂಪಾಂತರಗಳಿಂದಲೂ ಆದುದು. ಇಷ್ಟರಿಂದಲೇ ಎಲ್ಲವೂ ತಿಳಿಯದು. ಆದರೆ ನಿಘಂಟಿನ ಮೊದಲ ಪುಟದಿಂದ ಉರು ಹೊಡೆಯುವುದಕ್ಕಿಂತ ಇಂಥ ಪದಗಳಿಂದ ಹೊರಡುವುದು ಲೇಸು. ದಿನಕ್ಕೆ ಐದು ಪದಗಳನ್ನು ವಾಕ್ಯದೊಳಗಿಟ್ಟು ಕಲಿತು, ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ನೆನಪಿಗೆ ತಂದುಕೊಳ್ಳಬೇಕು.

ವಿವರಣೆಯೇ, ಬಳಕೆಯೇ?

ವ್ಯಾಕರಣವನ್ನು ವಿವರಿಸುವುದೇ ಬೇಡವೆಂಬ ಪಕ್ಷವೂ ಉಂಟು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ‘ಬೆಂಗಳೂರು ಯೋಜನೆ’ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಸೂತ್ರಗಳ ಪಾಠವಿರಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮುಂತಾದುವನ್ನು ಮುಂದಿಟ್ಟು, ಇಂಗ್ಲಿಷಿನಲ್ಲಿಯೇ ಪ್ರಶ್ನೆ ಕೇಳಿ, ಮಕ್ಕಳು ಯೋಚಿಸಿ ಬಿಡಿಸುವಂತೆ ಮಾಡುತ್ತಿದ್ದರು. ಅರ್ಥದ ಕಡೆ ಮನಸ್ಸಿಟ್ಟಾಗ ಭಾಷೆ ತಾನಾಗಿ ಮೈಗೂಡುವುದೆಂಬುದು ಪ್ರಭು ಅವರ ಮತ. ಲೋಕದ ಭಾಷಾಶಿಕ್ಷಕರು ಇಂದಿಗೂ ಈ ಯೋಜನೆಯನ್ನು ಚರ್ಚಿಸುತ್ತಾರೆ. ಮುಂದೆ 2000ದಲ್ಲಿ ನಾರಿಸ್ ಮತ್ತು ಒರ್ಟೆಗಾ ಎಂಬವರು ಅನೇಕ ಸಂಶೋಧನೆಗಳನ್ನು ಒಟ್ಟಾಗಿ ತೂಗಿ ನೋಡಿ, ಸ್ಪಷ್ಟವಾದ ವಿವರಣೆಯಿಂದ ಪ್ರಯೋಜನವುಂಟೆಂದು ತೋರಿಸಿದರು. ನಮ್ಮ ಅಭಿಪ್ರಾಯದಲ್ಲಿ ವಿವರಣೆಯು ದೀಪ, ಬಳಕೆಯು ನಡಿಗೆ. ದೀಪವನ್ನು ಹಿಡಿದು ಕುಳಿತವನು ಊರು ಸೇರುವುದಿಲ್ಲ. ದೀಪವಿಲ್ಲದೆ ಹೊರಟವನು ಎಡವುವುದು ಹೆಚ್ಚು.

ಸೊರಬದ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠವೆಂಬ ವಿದ್ಯಾಸ್ಥಾನವಿದ್ದಿತು. ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿದ್ದಿತೆಂದು 1162ರ ಶಾಸನವು ತಿಳಿಸುತ್ತದೆ. ಒಂದರ ಪಕ್ಕದಲ್ಲಿ ಇನ್ನೊಂದು ವ್ಯಾಕರಣವನ್ನಿಟ್ಟು ನೋಡುವುದು ಈ ಸೀಮೆಗೆ ಹೊಸತೇನೂ ಅಲ್ಲ. ಹೊಸಬಾಳೆಯ ಬಾಲಕನು ತನ್ನ ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು ಇಂಗ್ಲಿಷಿನ ತರಗತಿಗೆ ಹೋಗಬೇಕಾಗಿಲ್ಲ. ಅದನ್ನು ಪಕ್ಕದಲ್ಲಿಟ್ಟುಕೊಂಡು, ‘ನಾವು ಹೀಗೆ ಹೇಳುತ್ತೇವೆ, ಅವರು ಹಾಗೆ ಹೇಳುತ್ತಾರೆ’ ಎಂದು ಹೋಲಿಸಿ, ದಿನಕ್ಕೆ ನಾಲ್ಕು ವಾಕ್ಯಗಳನ್ನು ನೋಡದೆ ಬರೆಯಲಿ. ನಗುವವರು ನಗಲಿ, ಲೇಖನಿ ಮಾತ್ರ ನಿಲ್ಲದಿರಲಿ.