ಹೆತ್ತವರ ಕಥೆ, ಸಾಕಿದವರ ಕಥೆ

ಓದುಗರು ಬೆಳೆಸಿದ ಕಥೆಯನ್ನು ಮೂಲ ಲೇಖಕರು ಓದಬೇಕೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೆ ಈ ಪ್ರಶ್ನೆ ಹೊಸದೇನಲ್ಲ.

ಒಳ್ಳೆಯ ಕಾದಂಬರಿಯೊಂದನ್ನು ಈಗಷ್ಟೇ ಓದಿ ಮುಗಿಸಿದ ಹುಡುಗಿಯನ್ನು ಗಮನಿಸಿ. ಪುಸ್ತಕ ಮುಚ್ಚಿದರೂ ಅದರೊಳಗಿನ ಜನ ಅವಳನ್ನು ಬಿಡುವುದಿಲ್ಲ. ಊರು ಬಿಟ್ಟು ಹೋದ ನಾಯಕಿ ಮುಂದೆ ಏನಾದಳು? ತಂಗಿಗೆ ಮೋಸ ಮಾಡಿದ ಅಣ್ಣನಿಗೆ ಕೊನೆಗಾದರೂ ಪಶ್ಚಾತ್ತಾಪವಾಯಿತೆ? ಲೇಖಕರು ಹೇಳದೆ ಬಿಟ್ಟದ್ದನ್ನು ಅವಳು ತಾನೇ ಹೇಳತೊಡಗುತ್ತಾಳೆ. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ತುಂಬುತ್ತವೆ. ಇಂಥ ಬರವಣಿಗೆಗೆ ಈಗ ಫ್ಯಾನ್ ಫಿಕ್ಷನ್ ಎಂಬ ಹೆಸರು ಬಂದಿದೆ. ಅಭಿಮಾನಿ ಕಥೆ ಎಂದು ನಾವು ಕರೆಯೋಣ.

ಪರೀಕ್ಷೆ ಹತ್ತಿರ ಬಂದಿರುವಾಗ ಇದೆಂಥ ಉಸಾಬರಿ ಎಂದು ಅಪ್ಪ ಗದರುವುದು ಸಹಜ. ಅದಕ್ಕಿಂತ ಕಷ್ಟದ ಪ್ರಶ್ನೆ ಆಮೇಲೆ ಬರುತ್ತದೆ. ಹುಡುಗಿ ಆ ಹಾಳೆಗಳನ್ನು ಲೇಖಕರಿಗೇ ಕಳಿಸಬೇಕೆನ್ನುತ್ತಾಳೆ. ಅವರು ಅದನ್ನು ಓದಬೇಕೆ? ಓದದೆ ಸುಮ್ಮನಿದ್ದರೆ ಮಗುವಿನ ಮನಸ್ಸು ಮುರಿಯುತ್ತದೆ. ಓದಿದರೆ ಲೇಖಕರಿಗೇ ತೊಂದರೆಯಾದ ಪ್ರಸಂಗಗಳೂ ಉಂಟು. ಎರಡೂ ಕಡೆಯ ನ್ಯಾಯವನ್ನು ಕೇಳಿ ನೋಡುವುದು ಒಳ್ಳೆಯದು.

ಬಾರಿಹಣ್ಣು ಬಂದದ್ದೆಲ್ಲಿಂದ?

ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿ ಶಬರಿಕೊಳ್ಳವಿದೆ. ರಾಮನ ದಾರಿ ಕಾಯುತ್ತ ಶಬರಿ ಇದ್ದದ್ದು ಇಲ್ಲಿಯೇ ಎಂಬುದು ಆ ಭಾಗದ ಜನರ ನಂಬಿಕೆ. ಶಬರಿ ಎಂದೊಡನೆ ನಮಗೆ ನೆನಪಾಗುವುದು ಏನು? ಒಂದೊಂದೇ ಹಣ್ಣನ್ನು ಕಚ್ಚಿ, ರುಚಿ ನೋಡಿ, ಸಿಹಿಯಾದದ್ದನ್ನು ಮಾತ್ರ ರಾಮನಿಗೆ ಕೊಟ್ಟ ಮುದುಕಿಯ ಚಿತ್ರ. ಆದರೆ ವಾಲ್ಮೀಕಿ ರಾಮಾಯಣವನ್ನು ತೆರೆದು ನೋಡಿದರೆ ಅಲ್ಲಿ ಎಂಜಲು ಹಣ್ಣಿಲ್ಲ. ಶಬರಿ ಕಾಡಿನ ಪದಾರ್ಥಗಳನ್ನು ಕೂಡಿಟ್ಟು ಅತಿಥಿಯನ್ನು ಸತ್ಕರಿಸುತ್ತಾಳೆ, ಅಷ್ಟೆ. ಕಚ್ಚಿ ನೋಡಿದ ಹಣ್ಣು ಆಮೇಲೆ ಬಂದ ಭಕ್ತರು ಸೇರಿಸಿದ್ದು. ಕಥೆ ಕೇಳಿದವರಿಗೆ ಅಷ್ಟು ಸಾಲಲಿಲ್ಲ. ಪ್ರೀತಿ ಎಂದರೆ ಇನ್ನೂ ಏನೋ ಇರಬೇಕು ಅನ್ನಿಸಿತು. ಇಂದು ಆ ಹಣ್ಣನ್ನು ತೆಗೆದುಬಿಟ್ಟರೆ ಶಬರಿಯ ಕಥೆಯಲ್ಲಿ ಉಳಿಯುವುದು ಬಹಳ ಕಡಿಮೆ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಇನ್ನೊಂದು ಉದಾಹರಣೆ ಸಿಗುತ್ತದೆ. ಮಹಾಭಾರತದ ವನಪರ್ವದಲ್ಲಿ ಕೆಲವೇ ಮಾತುಗಳಲ್ಲಿ ಮುಗಿದುಹೋಗುವ ರೇಣುಕೆ, ಜಮದಗ್ನಿ, ಪರಶುರಾಮರ ಕಥೆ ಚೌಡಿಕೆ ಹಿಡಿದವರ ಬಾಯಲ್ಲಿ ಹೊತ್ತುಗಟ್ಟಲೆ ಬೆಳೆಯುತ್ತದೆ. ತಾಯಿಯ ದುಃಖಕ್ಕೆ ಅಲ್ಲಿ ಜಾಗ ಸಿಗುತ್ತದೆ. ಮೂಲದಲ್ಲಿ ಮಾತಿಲ್ಲದವರಿಗೆ ಮಾತು ಬರುತ್ತದೆ.

ವ್ಯಾಸ ವಾಲ್ಮೀಕಿಯರು ಇವನ್ನೆಲ್ಲ ಓದಬೇಕಾಗಿರಲಿಲ್ಲ ಎಂದು ನೀವು ಹೇಳಬಹುದು. ನಿಜ. ಆದ್ದರಿಂದ ಇನ್ನಷ್ಟು ಹತ್ತಿರದ ಕಾಲಕ್ಕೆ ಬರೋಣ.

ಸಂಗ್ಯಾ ಬಾಳ್ಯಾ ಬೆಳೆದ ಬಗೆ

ಬೈಲಹೊಂಗಲದ ಹೆಸರನ್ನು ನಾಡಿನುದ್ದಕ್ಕೂ ಒಯ್ದ ಸಣ್ಣಾಟ ‘ಸಂಗ್ಯಾ ಬಾಳ್ಯಾ’. ಅಲ್ಲಿ ನಡೆದ ಒಂದು ನಿಜವಾದ ಕೊಲೆಯೇ ಇದರ ಬೇರು ಎನ್ನುತ್ತಾರೆ. ಗೆಳೆತನ, ಮೋಹ, ದ್ರೋಹ, ಕೊನೆಗೆ ರಕ್ತ; ಇಷ್ಟು ಕಥೆ. ಸಂಗ್ಯಾನ ಮೇಲಿನ ಲಾವಣಿಯೊಂದನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದ್ದರು. ಶಾಸನಗಳ ವಿದ್ವಾಂಸರೆಂದು ಹೆಸರಾದ ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸತೊಡಗಿದ ಕನ್ನಡ ಲಾವಣಿಗಳ ಸಾಲಿನಲ್ಲಿ ಅದು ಇದೆ. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅದೇ ಸಾಲಿನಲ್ಲಿದೆ.

ಲಾವಣಿಕಾರ ಹಾಡಿದ್ದನ್ನು ಸಣ್ಣಾಟ ಕಟ್ಟಿದವರು ರಂಗದ ಮೇಲೆ ತಂದರು. ಆಟದ ಕರ್ತೃವೆಂದು ಪತ್ತಾರ ಮಾಸ್ತರರ ಹೆಸರು ಹೇಳುವುದು ವಾಡಿಕೆ. ಮೇಳದವರು ಊರೂರು ತಿರುಗುತ್ತ ತಮ್ಮ ಮಾತು ಸೇರಿಸಿದರು. ಮುಂದೆ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಸಂಗ್ಯಾಬಾಳ್ಯಾ ಅನಬೇಕೊ ನಾಡೊಳಗ’ ಎಂಬ ನಾಟಕ ಬರೆದರು. 1992ರಲ್ಲಿ ಸುಂದರಕೃಷ್ಣ ಅರಸರ ನಿರ್ದೇಶನದಲ್ಲಿ ಅದೇ ಕಥೆ ಸಿನಿಮಾ ಆಯಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಂತೆಲ್ಲ ಕಥೆ ಸವೆಯಲಿಲ್ಲ, ಬೆಳೆಯಿತು.

ಇಲ್ಲಿ ಮಕ್ಕಳು ಗಮನಿಸಬೇಕಾದ ಒಂದು ಮಾತಿದೆ. ಈ ಆಟದ ಹಿಂದೆ ನಿಜವಾದ ಮನುಷ್ಯರಿದ್ದರೆ, ತಮ್ಮ ಬದುಕು ಆಟವಾದದ್ದನ್ನು ಅವರ ಮನೆಯವರು ಹೇಗೆ ತಾಳಿಕೊಂಡರೋ ಯಾರೂ ಬರೆದಿಲ್ಲ. ಕಲ್ಪಿತ ಪಾತ್ರವನ್ನು ಎಷ್ಟು ಬೇಕಾದರೂ ತಿರುಗಿಸಿರಿ, ಅದಕ್ಕೆ ನೋವಾಗದು. ಓಣಿಯ ಮನೆಯವರನ್ನು ಹೆಸರು ಹಿಡಿದು ಕಥೆಗೆ ಎಳೆತರುವುದು ಬೇರೆಯ ಮಾತು.

ಕಿತ್ತೂರಿನ ಕಥೆಗೂ ಇಂಥದೇ ಕಟ್ಟಳೆ ಬೇಕು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು, ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಇತಿಹಾಸ. ಸೆರೆಯಲ್ಲಿ ಕುಳಿತ ರಾಣಿಯ ಮನಸ್ಸಿನಲ್ಲಿ ಏನು ನಡೆಯಿತೆಂದು ಶಾಲೆಯ ಹುಡುಗ ಬರೆಯಲಿ. ತಾರೀಖು ಮಾತ್ರ ಅವನ ಇಚ್ಛೆಗೆ ಬಿಟ್ಟದ್ದಲ್ಲ.

ಇಬ್ಬರು ತಮ್ಮಣ್ಣರು

ನೆರೆಯ ಗೋಕಾಕ ಸೀಮೆಯ ಪಾರಿಜಾತದ ಕಥೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ‘ಶ್ರೀಕೃಷ್ಣ ಪಾರಿಜಾತ’ವನ್ನು ಮೊದಲು ರಚಿಸಿದವರು ಅಪರಾಳ ತಮ್ಮಣ್ಣ. ಆ ಕೃತಿಗೆ ಮನಸೋತು, ಅದನ್ನು ಹಿಗ್ಗಿಸಿ, ಆಡಲು ಬರುವಂತೆ ತಿದ್ದಿ ಬೆಳೆಸಿದವರು ಕುಲಗೋಡ ತಮ್ಮಣ್ಣ. ಇಬ್ಬರ ಹೆಸರೂ ಒಂದೇ ಆದದ್ದು ಒಂದು ಸೋಜಿಗ. ಎರಡನೆಯ ತಮ್ಮಣ್ಣ ಮೊದಲನೆಯವರ ಅಭಿಮಾನಿ ಎಂದರೆ ತಪ್ಪಾಗದು. ಹಿಂದಿನವರ ಹೆಸರು ಅಳಿಸಿ ಆಟವನ್ನು ಕುಲಗೋಡದ್ದೊಂದೇ ಎಂದು ಯಾರೂ ಸಾರಲಿಲ್ಲ. ಪಾರಿಜಾತದ ಮಾತು ಬಂದಾಗ ಬಲ್ಲವರು ಇಂದಿಗೂ ಇಬ್ಬರನ್ನೂ ನೆನೆಯುತ್ತಾರೆ. ಹೆತ್ತವರೊಬ್ಬರು, ಸಾಕಿದವರೊಬ್ಬರು. ಕೂಸು ಇಬ್ಬರದೂ ಆಯಿತು.

ಓದಿ ಕೆಟ್ಟವರು, ಓದಿ ಗೆದ್ದವರು

ಮೂಲ ಲೇಖಕರು ಬದುಕಿರುವಾಗ ಮಾತು ಇಷ್ಟು ಸಲೀಸಲ್ಲ. ಸ್ಪೇನ್ ದೇಶದ ಸರ್ವಾಂಟಿಸ್ 1605ರಲ್ಲಿ ‘ಡಾನ್ ಕ್ವಿಕ್ಸೋಟ್’ನ ಮೊದಲ ಭಾಗ ಪ್ರಕಟಿಸಿದ. ಅವನು ಎರಡನೆಯ ಭಾಗವನ್ನು ಮುಗಿಸುವ ಮೊದಲೇ, 1614ರಲ್ಲಿ, ಅವೆಲ್ಲನೇಡ ಎಂಬ ಸುಳ್ಳು ಹೆಸರಿನಲ್ಲಿ ಬೇರೊಬ್ಬ ಎರಡನೆಯ ಭಾಗವನ್ನು ಹೊರತಂದುಬಿಟ್ಟ. ಮುನ್ನುಡಿಯಲ್ಲಿ ಸರ್ವಾಂಟಿಸನನ್ನು ಹೀಯಾಳಿಸಿಯೂ ಇದ್ದ. ಮುದುಕ ಸರ್ವಾಂಟಿಸ್ ಸುಮ್ಮನೆ ಕೂಡಲಿಲ್ಲ. 1615ರಲ್ಲಿ ಬಂದ ಅವನ ಸ್ವಂತ ಎರಡನೆಯ ಭಾಗದಲ್ಲಿ ಡಾನ್ ಕ್ವಿಕ್ಸೋಟನೇ ಆ ಖೊಟ್ಟಿ ಪುಸ್ತಕದ ಸುದ್ದಿ ಕೇಳುತ್ತಾನೆ. ಅದರಲ್ಲಿ ತಾನು ಸರಗೋಸಾಕ್ಕೆ ಹೋದಂತೆ ಬರೆದಿದೆ ಎಂದು ತಿಳಿದು, ಅತ್ತ ಹೆಜ್ಜೆ ಇಡುವುದಿಲ್ಲವೆಂದು ಬಾರ್ಸಿಲೋನಾದ ದಾರಿ ಹಿಡಿಯುತ್ತಾನೆ. ಖೊಟ್ಟಿ ಪುಸ್ತಕದ ಒಂದು ಪಾತ್ರವನ್ನೂ ಸರ್ವಾಂಟಿಸ್ ಎಳೆತಂದು, ಇವನೇ ನಿಜವಾದ ಕ್ವಿಕ್ಸೋಟ್ ಎಂದು ಅದರ ಬಾಯಲ್ಲಿ ಹೇಳಿಸುತ್ತಾನೆ. ಓದಿದ್ದರಿಂದ ಅವನಿಗೆ ಲಾಭವೇ ಆಯಿತು.

ಷರ್ಲಾಕ್ ಹೋಮ್ಸ್‌ನ ಜನಕ ಆರ್ಥರ್ ಕಾನನ್ ಡಾಯ್ಲ್‌ಗೆ 1911ರ ಸುಮಾರಿಗೆ ಆರ್ಥರ್ ವ್ಹಿಟೇಕರ್ ಎಂಬ ಓದುಗ ತಾನೇ ಬರೆದ ಹೋಮ್ಸ್ ಕಥೆಯೊಂದನ್ನು ಕಳಿಸಿದ. ಡಾಯ್ಲ್ ಓದಿದರು, ಸ್ವಲ್ಪ ಹಣ ಕೊಟ್ಟು ಅದನ್ನು ಕೊಂಡುಕೊಂಡರು, ಬಳಸಲಿಲ್ಲ. 1930ರಲ್ಲಿ ಅವರು ತೀರಿಕೊಂಡ ಮೇಲೆ ಆ ಪ್ರತಿ ಅವರ ಕಾಗದಪತ್ರಗಳಲ್ಲಿ ಸಿಕ್ಕಿತು. ಡಾಯ್ಲ್ ಅವರದೇ ಅಪ್ರಕಟಿತ ಕಥೆ ಎಂದು 1948ರಲ್ಲಿ ಅಚ್ಚೂ ಆಯಿತು. ಆಗ ವ್ಹಿಟೇಕರ್ ಎದ್ದುನಿಂತು ಇದು ನನ್ನದು ಎನ್ನಬೇಕಾಯಿತು. ಯಾರದೂ ಕೆಟ್ಟ ಬುದ್ಧಿಯಲ್ಲ. ಕಾಗದಗಳು ಬೆರೆತುಹೋದರೆ ಹೀಗಾಗುತ್ತದೆ.

ಲೇಖಕರು ಅಂಜುವುದು ಇದಕ್ಕೇ. ಅಮೆರಿಕದ ಮರಿಯನ್ ಝಿಮರ್ ಬ್ರ್ಯಾಡ್ಲಿ ತಮ್ಮ ‘ಡಾರ್ಕ್‌ಓವರ್’ ಲೋಕದ ಮೇಲೆ ಓದುಗರು ಬರೆದ ಕಥೆಗಳನ್ನು ಓದಿ, ಆರಿಸಿ, ಸಂಕಲನಗಳನ್ನೇ ತಂದವರು. 1990ರ ದಶಕದ ಆರಂಭದಲ್ಲಿ ಒಬ್ಬ ಓದುಗರ ಬರಹಕ್ಕೂ ಅವರು ಬರೆಯಬೇಕೆಂದಿದ್ದ ಕಾದಂಬರಿಗೂ ಹೋಲಿಕೆ ಕಂಡು ತಕರಾರು ಹುಟ್ಟಿತು. ತಪ್ಪು ಯಾರದು ಎಂಬಲ್ಲಿ ಎರಡು ಕಡೆಯವರ ಮಾತು ಬೇರೆ ಬೇರೆ. ಆ ಕಾದಂಬರಿ ಮಾತ್ರ ಹೊರಬರಲಿಲ್ಲ. ಬಾಗಿಲು ತೆರೆದಿಟ್ಟಿದ್ದ ಲೇಖಕಿ ಅಂದಿನಿಂದ ಬಾಗಿಲು ಹಾಕಿದರು.

ನಮ್ಮಲ್ಲಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ‘ನಾಗರಹಾವು’ ಚಿತ್ರ ಮಾಡಿದರು. ಅದನ್ನು ನೋಡಿದ ತ.ರಾ.ಸು. ನಾಗರಹಾವನ್ನು ಕೇರೆಹಾವು ಮಾಡಿದರೆಂದು ಬೇಸರಪಟ್ಟರಂತೆ. ಜನ ಮಾತ್ರ ಚಿತ್ರವನ್ನೂ ಕಾದಂಬರಿಗಳನ್ನೂ ಒಟ್ಟಿಗೇ ಉಳಿಸಿಕೊಂಡರು. ಅಂದರೆ ಲೇಖಕರ ಮೆಚ್ಚುಗೆಯೇ ಕೊನೆಯ ತೀರ್ಪಲ್ಲ.

ಕಾಯ್ದೆಯ ಮಾತು

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯನ್ನು ರೂಪಾಂತರಿಸುವ ಹಕ್ಕು ಲೇಖಕರದು. ಅವರ ಆಯುಷ್ಯದುದ್ದಕ್ಕೂ, ಅವರ ನಂತರ 60 ವರ್ಷವೂ ಆ ಹಕ್ಕು ಉಳಿಯುತ್ತದೆ. ಬರೀ ವಿಚಾರಕ್ಕೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಹಕ್ಕುಂಟು ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಊರು ಬಿಟ್ಟು ಹೋದ ಹೆಣ್ಣಿನ ಕಥೆಯನ್ನು ಯಾರೂ ಬರೆಯಬಹುದು. ಇಂಥ ಲೇಖಕರ ಇಂಥ ನಾಯಕಿಯನ್ನೇ ಹೆಸರು, ಮಾತು, ಮನೆತನ ಸಮೇತ ಎತ್ತಿಕೊಂಡು ಪುಸ್ತಕ ಮಾಡಿ ಮಾರಿದರೆ ಅದು ಬೇರೆ.

ಶಿವರಾಮ ಕಾರಂತರು ಯಕ್ಷಗಾನದ ಹಳೆಯ ಪ್ರಸಂಗಗಳನ್ನು ತಮ್ಮದೇ ರೀತಿಯಲ್ಲಿ ಹೊಸದಾಗಿ ಕಟ್ಟಿದವರು. ಅವರೂ ಒಂದರ್ಥದಲ್ಲಿ ಸಾಕಿದವರೇ. 1997ರಲ್ಲಿ ಅವರು ತೀರಿಕೊಂಡ ಮೇಲೆ ಆ ರಂಗರೂಪಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2009ರ ತೀರ್ಪು ಅವರ ಉಯಿಲಿನಂತೆ ಬಂದ ಹಕ್ಕನ್ನು ಮಾನ್ಯ ಮಾಡಿತು. ಸಾಕಿದವರ ದುಡಿಮೆಗೂ ಬೆಲೆಯುಂಟು ಎಂದಾಯಿತು. ಅದೇ ತೀರ್ಪು ಕಾಯ್ದೆಯ 52ನೇ ಕಲಮನ್ನೂ ನೆನಪಿಸಿತು. ಶಾಲೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಶಿಕ್ಷಕರು ಸೇರಿ, ಶಾಲೆಯವರ ಮತ್ತು ಪಾಲಕರ ಮುಂದಷ್ಟೇ ನಾಟಕ ಆಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ಸ್ನೇಹ ಸಮ್ಮೇಳನಕ್ಕೆ ನಾಟಕ ಕಟ್ಟುವ ಮಾಸ್ತರರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಹಾಗಾದರೆ ಓದಬೇಕೆ?

ನನ್ನ ಅಭಿಪ್ರಾಯ ಹೀಗಿದೆ. ಕಥೆ ಇನ್ನೂ ಲೇಖಕರ ಒಲೆಯ ಮೇಲಿದ್ದರೆ, ಅಂದರೆ ಮುಂದಿನ ಭಾಗ ಬರೆಯುತ್ತಿದ್ದರೆ, ಅವರು ಓದಬಾರದು. ಓದಿದ್ದು ತಿಳಿಯದೆಯೇ ಕೈಗೆ ಇಳಿಯುತ್ತದೆ. ನಾಳೆ ಯಾವುದು ಯಾರದೆಂದು ಬಿಡಿಸುವುದು ಇಬ್ಬರಿಗೂ ಕಷ್ಟ. ಆ ಕಥೆಯನ್ನು ಲೇಖಕರು ಮುಗಿಸಿ ಕೈ ತೊಳೆದುಕೊಂಡಿದ್ದರೆ ಅವಶ್ಯವಾಗಿ ಓದಲಿ. ತಾವು ಬಿಟ್ಟ ಜಾಗ ಯಾವುದು, ಯಾವ ಪಾತ್ರಕ್ಕೆ ಅನ್ಯಾಯ ಮಾಡಿದೆವು ಎಂಬುದನ್ನು ಯಾವ ವಿಮರ್ಶಕನೂ ಇಷ್ಟು ನೇರವಾಗಿ ಹೇಳಲಾರ. ಶಬರಿಯ ಹಣ್ಣಿನಂತೆ, ಮೂಲದವರಿಗೆ ಹೊಳೆಯದ ಸಿಹಿ ಓದುಗರಿಗೆ ಹೊಳೆದಿರಬಹುದು.

ಬರೆಯುವ ವಿದ್ಯಾರ್ಥಿಗಳಿಗೂ ನಾಲ್ಕು ಮಾತು. ಕಥೆಯ ಮೇಲೆ ಮೂಲ ಲೇಖಕರ ಹೆಸರನ್ನೂ ಕೃತಿಯ ಹೆಸರನ್ನೂ ಬರೆಯಿರಿ. ಹಣಕ್ಕೆ ಮಾರಬೇಡಿ. ಲೇಖಕರಿಗೆ ಮೊದಲು ಕಥೆ ಕಳಿಸದೆ ಒಂದು ಪತ್ರ ಬರೆದು, ಕಳಿಸಬಹುದೆ ಎಂದು ಕೇಳಿರಿ. ಉತ್ತರ ಬಾರದಿದ್ದರೆ ಅದನ್ನು ತಿರಸ್ಕಾರ ಎಂದು ತಿಳಿಯಬೇಡಿ. ಮೇಲೆ ಹೇಳಿದ ಅಂಜಿಕೆ ಅವರಿಗೂ ಇದ್ದೀತು. ಎರಡು ಮೂರು ಕಥೆಗಳನ್ನು ಬೇರೆಯವರ ಅಂಗಳದಲ್ಲಿ ಆಡಿದ ಮೇಲೆ ಪಾತ್ರಗಳ ಹೆಸರು ಬದಲಿಸಿ, ಊರು ಬದಲಿಸಿ, ನಿಮ್ಮದೇ ಕಥೆ ಬರೆದು ನೋಡಿರಿ. ಅನುಕರಣೆ ಎಲ್ಲಿ ಮುಗಿಯಿತು, ನಿಮ್ಮ ದನಿ ಎಲ್ಲಿ ಶುರುವಾಯಿತು ಎಂಬುದು ಆಗ ನಿಮಗೇ ತಿಳಿಯುತ್ತದೆ.

ಇನ್ನು ಪಾಲಕರು. ಕಥೆ ಮುಂದುವರಿಸುವ ಮಗು ಪುಸ್ತಕವನ್ನು ಪರೀಕ್ಷೆಗಾಗಿ ಓದಿದ ಮಗುವಿಗಿಂತ ಚೆನ್ನಾಗಿ ಓದಿದೆ ಎಂದೇ ಅರ್ಥ. ಪಾತ್ರದ ಸ್ವಭಾವ ತಿಳಿಯದೆ ಅದರ ಬಾಯಲ್ಲಿ ಮಾತು ಹಾಕಲು ಬರುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ನೋಟ್‌ಬುಕ್ಕನ್ನು ಕಪಾಟಿನಲ್ಲಿ ಇಡಿಸಿರಿ, ಹರಿದುಹಾಕಬೇಡಿ. ರಜೆ ಬಂದಾಗ ಒಂದು ರಾತ್ರಿ ಊಟವಾದ ಮೇಲೆ ಜೋರಾಗಿ ಓದಿಸಿ ಕೇಳಿರಿ. ಎಲ್ಲಿ ನಂಬಿಕೆ ಬರಲಿಲ್ಲ, ಎಲ್ಲಿ ಕಣ್ಣು ತುಂಬಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿರಿ. ಲೇಖಕರು ಓದಲಿ, ಬಿಡಲಿ. ಮೊದಲ ಓದುಗರು ಮನೆಯಲ್ಲಿಯೇ ಸಿಕ್ಕ ಮಗು ಅಂಚೆಯವನ ದಾರಿ ಕಾಯುತ್ತ ಕೂಡುವುದಿಲ್ಲ.